ಓರೆ ಮೇಜು, ನೆರಳಿಲ್ಲದ ಹೂಜಿ: ಒಂದು ಪೇಂಟಿಂಗ್ ಕಿಟ್‌ನ ವಿಮರ್ಶೆ

ದೂರ-ಹತ್ತಿರದ ಲೆಕ್ಕ, ನೆರಳು ಬಿಟ್ಟು ಚಪ್ಪಟೆಯಾಗಿ, ಸರಳವಾಗಿ ಬಿಡಿಸುವ ನೈವ್ ಶೈಲಿಯ ಒಳಾಂಗಣ ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ ಚಿತ್ರ) ಒಂದನ್ನು ನೋಡಿ ಬಿಡಿಸುತ್ತಲೇ ಪೇಂಟಿಂಗ್ ಕಲಿಸುವ ಕಿಟ್ ಇದು. ಪೆಟ್ಟಿಗೆಯಲ್ಲಿ 30×40 ಸೆಂ.ಮೀ. ಕ್ಯಾನ್ವಾಸ್ ಬೋರ್ಡ್, ಆರು ಅಕ್ರಿಲಿಕ್ ಟ್ಯೂಬ್, ಮೂರು ಬ್ರಷ್, ರೇಖಾಚಿತ್ರದ ಹಾಳೆ, ಕಾರ್ಬನ್ ಪೇಪರ್, ಮಾಸ್ಕಿಂಗ್ ಟೇಪ್. ಜೊತೆಗೆ ವಿಡಿಯೊ ಪಾಠ. ಚಿತ್ರದಲ್ಲಿ ಕೆಂಪು ಗೋಡೆ, ಪಟ್ಟೆಪಟ್ಟೆ ಮೇಜುಬಟ್ಟೆ, ಹೂಜಿ, ತಟ್ಟೆಯಲ್ಲಿ ನಿಂಬೆಹಣ್ಣು. ಬಣ್ಣದ ಪಾಠ ಗೆದ್ದಿದೆ, ರೇಖೆಯ ಪಾಠ ಸೋತಿದೆ.

ಮೊದಲು ಗೆದ್ದದ್ದು. ತೆಳುವಾದ ಯೆಲ್ಲೋ ಓಕರ್‌ನಿಂದ (ಮಣ್ಣಿನ ಹಳದಿಯಿಂದ) ಇಡೀ ಬೋರ್ಡ್ ಮುಚ್ಚಿ, ಆಮೇಲೆ ಗೋಡೆ, ಮೇಜು, ವಸ್ತುಗಳು, ಕೊನೆಗೆ ವಿನ್ಯಾಸ ಎನ್ನುವ ಕ್ರಮ ಸರಿಯಾಗಿದೆ. ಗೋಡೆಯ ಕೆಂಪನ್ನು ಒಂದೇ ಸಲ ಕಲಸಿಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತಾರೆ. ಹಸಿಯಾಗಿದ್ದಾಗ ಅಕ್ರಿಲಿಕ್‌ನ ಅಂಟು ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ; ಹಾಗಾಗಿ ಬಣ್ಣ ಒಣಗಿದ ಮೇಲೆ ಗಾಢವಾಗಿ ಕಾಣುತ್ತದೆ. ಅರ್ಧದಲ್ಲಿ ಮುಗಿದು ಮತ್ತೆ ಕಲಸಿದರೆ ತೇಪೆ ಕಾಣದೆ ಇರದು.

ಆದರೆ ನಿಂಬೆಹಣ್ಣಿನ ಬಗ್ಗೆ ಎಚ್ಚರಿಕೆಯೇ ಇಲ್ಲ. ಲೆಮನ್ ಯೆಲ್ಲೋ ತಳವನ್ನು ಪೂರ್ತಿ ಮುಚ್ಚುವುದಿಲ್ಲ. ಓಕರ್ ಮೇಲೆ ನೇರವಾಗಿ ಹಚ್ಚಿದರೆ ಹಣ್ಣು ಮಂಕಾಗುತ್ತದೆ. ಆ ಜಾಗಕ್ಕೆ ಮೊದಲು ಟೈಟೇನಿಯಂ ವೈಟ್ ಹಚ್ಚಿ, ಪೂರ್ತಿ ಒಣಗಿಸಿ, ಮೇಲೆ ಹಳದಿಯ ಎರಡು ಪದರ ಕೊಡಿ.

ಪಟ್ಟೆಗಳಿಗೆ ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಗಟ್ಟಿಯಿದ್ದರೆ ಗೆರೆ ಮಧ್ಯೆ ಕಡಿಯುತ್ತದೆ, ನೀರು ಹೆಚ್ಚಾದರೆ ಹರಡುತ್ತದೆ. ಮಾಸ್ಕಿಂಗ್ ಟೇಪ್ ಪೆಟ್ಟಿಗೆಯಲ್ಲೇ ಇರಲಿ. ಕೈಯ ಸಣ್ಣ ನಡುಕವೇ ಈ ಶೈಲಿಯ ಜೀವ. ಟೇಪ್ ಅದನ್ನು ಮೊದಲೇ ಕೊಲ್ಲುತ್ತದೆ.

ಇನ್ನು ಸೋತದ್ದು. ಮೇಜಿನ ಮೇಲ್ಮೈ ಮೇಲಿಂದ ನೋಡಿದಂತೆ ಎದ್ದು ನಿಂತಿದೆ, ಹಿಂಬದಿಯ ಅಂಚು ಮುಂಬದಿಯಷ್ಟೇ ಉದ್ದ. ಹೂಜಿ ಮಾತ್ರ ಪಕ್ಕದಿಂದ ಕಂಡಂತಿದೆ: ಬಾಯಿ ಅಂಡಾಕಾರವಾದರೂ ತಳ ನೇರ ಗೆರೆ. ಒಂದೇ ಚಿತ್ರದಲ್ಲಿ ಎರಡು ನೋಟ ಯಾಕೆ ಎಂದು ವಿವರಿಸದೆ ಪಾಠ ನೇರವಾಗಿ ಟ್ರೇಸಿಂಗ್‌ಗೆ ಹಾರುತ್ತದೆ. ಕಾರಣ ತಿಳಿಯದ ಕಲಿಯುವವರು ಹೂಜಿಯ ತಳವನ್ನು ದುಂಡಗೆ ‘ತಿದ್ದಿ’, ಕೆಳಗೆ ನೆರಳು ಸೇರಿಸುತ್ತಾರೆ. ಅಲ್ಲಿಗೆ ಹೂಜಿ ಮೇಜಿನಿಂದ ಜಾರುತ್ತಿರುವಂತೆ ಕಾಣುತ್ತದೆ, ಚಿತ್ರ ನೈವ್ ಆಗಿಯೂ ಉಳಿಯುವುದಿಲ್ಲ, ವಾಸ್ತವವೂ ಆಗುವುದಿಲ್ಲ.

ಟ್ರೇಸಿಂಗ್ ಬಿಟ್ಟು, ಖಾಲಿ ಹಾಳೆಯಲ್ಲಿ ಮೇಜಿನ ನಾಲ್ಕು ಅಂಚುಗಳಿಂದ ಶುರುಮಾಡಿ. ವಸ್ತುಗಳು ಒಂದನ್ನೊಂದು ಸ್ಪಷ್ಟವಾಗಿ ಮರೆಮಾಡಲಿ ಅಥವಾ ದೂರವಿರಲಿ. ಅಂಚಿಗೆ ಅಂಚು ತಾಗಿದರೆ ಎರಡೂ ಅಂಟಿಕೊಂಡಂತೆ ಕಾಣುತ್ತವೆ. ಟ್ರೇಸ್ ಮಾಡಲೇಬೇಕೆಂದರೆ ಕಾರ್ಬನ್ ಪೇಪರ್ ಬೇಡ. ಅದರ ಮೇಣದ ಗೆರೆ ಅಳಿಸಲಾಗದು, ತಿಳಿಬಣ್ಣದ ಅಡಿಯಿಂದ ಇಣುಕುತ್ತದೆ. ಹಾಳೆಯ ಹಿಂಬದಿಗೆ ಮೆದು ಪೆನ್ಸಿಲ್ ಉಜ್ಜಿಕೊಂಡರೆ ಸಾಕು.

ಪರಿಚಯದ ಭಾಗ ಪ್ಯಾರಿಸ್‌ನ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ನೈವ್ ಚಿತ್ರಕಾರ ಹೆನ್ರಿ ರೂಸೋ (1844–1910) ಅವರ ಕಾಡಿನ ಚಿತ್ರಗಳಲ್ಲೇ ಮುಗಿಯುತ್ತದೆ. ಒಳಾಂಗಣ ಕಲಿಸುವಾಗ, ತಮ್ಮ ಪುಟ್ಟ ಮನೆಯ ಗೋಡೆ, ಒಲೆಗಳಿಗೂ ಚಿತ್ತಾರ ಬರೆದ ಕೆನಡಾದ ಚಿತ್ರಕಾರ್ತಿ ಮಾಡ್ ಲೂಯಿಸ್ (ನಿಧನ 1970) ಹೆಚ್ಚು ಉಪಯೋಗಕ್ಕೆ ಬರುತ್ತಿದ್ದರು.

ಚಪ್ಪಟೆ ಬ್ರಷ್ ಚೆನ್ನಾಗಿದೆ, ಸಣ್ಣ ಗೆರೆ ಎಳೆಯುವ ಲೈನರ್ ಬ್ರಷ್‌ನ ತುದಿ ಬೇಗ ಕವಲೊಡೆಯುತ್ತದೆ, ಬೇರೆಯದನ್ನು ಇಟ್ಟುಕೊಳ್ಳಿ. ಬಣ್ಣ, ಬ್ರಷ್ ಈಗಾಗಲೇ ಇರುವವರಿಗೆ ವಿಡಿಯೊ ಮಾತ್ರ ಪ್ರತ್ಯೇಕವಾಗಿಯೂ ಸಿಗುತ್ತದೆ, ಪೆಟ್ಟಿಗೆ ಬೇಕಿಲ್ಲ.