ಎಲ್ಲ ಆಟವೂ ಓಡುತ್ತದೆ, ಅವರು ಬಿಟ್ಟರೆ

ನನ್ನ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕೋಕಾಗಲ್ಲ. ಅದು ಆರನೇ ತಲೆಮಾರಿನ ಐ5. ಮೈಕ್ರೋಸಾಫ್ಟ್ ಪಟ್ಟಿ ಹೆಚ್ಚುಕಡಿಮೆ ಶುರುವಾಗುವುದೇ ಎಂಟನೆಯದರಿಂದ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬಾಗಿಲು ಹಾಕುತ್ತಾರೆ ಅಂತ ಮೊದಲೇ ಗೊತ್ತಿತ್ತು. ಬೋರ್ಡು, ಪ್ರೊಸೆಸರ್, ರ‍್ಯಾಮ್ ಎಲ್ಲ ಬದಲಿಸೋಕೆ ಬೇಕಾದ ದುಡ್ಡನ್ನು ಆಟ ಆಡೋಕೆ ಅಂತ ಮನೆಯಲ್ಲಿ ಕೇಳೋದು ಹೇಗೆ? ಆ ದಿನ ಬರುವ ಬಹಳ ಮುಂಚೆಯೇ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಂಡೆ, ಅದರ ಮೇಲೆ ವಾಲ್ವ್ ಕಂಪನಿಯ ಆಟದ ಅಂಗಡಿ ಸ್ಟೀಮ್. ಅಲ್ಲಿಂದ ಇಲ್ಲಿಯವರೆಗೆ ಅದರಲ್ಲೇ ಆಡುತ್ತಿದ್ದೇನೆ.

ವಿಂಡೋಸ್‌ಗೆ ಅಂತ ಮಾಡಿದ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ಪ್ರೋಟಾನ್, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾಲ್ವ್ ಅದನ್ನು 2018ರ ಆಗಸ್ಟ್‌ನಲ್ಲಿ ಸ್ಟೀಮ್ ಒಳಗೆ ಸೇರಿಸಿತು. ಒಳಗಿರುವುದು ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ, 1993ರಿಂದ ಬೆಳೆದುಬಂದ ವೈನ್, ಜೊತೆಗೆ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ ಡೈರೆಕ್ಟ್‌ಎಕ್ಸ್‌ನ ಕರೆಗಳನ್ನು ಲಿನಕ್ಸ್‌ಗೂ ತಿಳಿಯುವ ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ. ನನ್ನ ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 580, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಮಾಲು. ಎಎಮ್‌ಡಿ ಆದ್ದರಿಂದ ಡ್ರೈವರ್ ಹುಡುಕುವ ಕೆಲಸವೇ ಇಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್ ಮತ್ತು ಗ್ರಾಫಿಕ್ಸ್ ತಂತ್ರಾಂಶ ಮೆಸಾ ಜೊತೆಗೇ ಬರುತ್ತದೆ.

ರಾತ್ರಿ ಊಟ ಆದ ಮೇಲೆ ನನ್ನ ಕ್ರಮ ಹೀಗೆ. ಯುಪಿಎಸ್ ಆನ್, ಕಂಪ್ಯೂಟರ್ ಆನ್, ಸ್ಟೀಮ್ ತೆರೆದು ಪ್ಲೇ ಒತ್ತುವುದು. ಕೂಡಲೇ ಆಟ ಶುರುವಾಗುವುದಿಲ್ಲ. ಎಷ್ಟೋ ಸಲ ವಲ್ಕನ್ ಶೇಡರ್‌ಗಳನ್ನು (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಮ್‌ಗಳನ್ನು) ತಯಾರು ಮಾಡುತ್ತಿದ್ದೇನೆ ಅನ್ನುವ ಪಟ್ಟಿ ಬರುತ್ತದೆ, ಪರ್ಸೆಂಟ್ ನಿಧಾನವಾಗಿ ಏರುತ್ತದೆ. ಪಕ್ಕದಲ್ಲೇ ಸ್ಕಿಪ್ ಬಟನ್ ಇದೆ. ನಾನು ಒತ್ತುವುದಿಲ್ಲ. ಒತ್ತಿದರೆ ಆಮೇಲೆ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಆಟ ತಡವರಿಸಬಹುದು. ಆ ಹೊತ್ತಿನಲ್ಲಿ ಹಾಲಿಗೆ ಹೆಪ್ಪು ಹಾಕುತ್ತೇನೆ, ಗ್ಯಾಸ್ ಆಫ್ ಆಗಿದೆಯಾ ನೋಡುತ್ತೇನೆ, ಮುಂಬಾಗಿಲ ಚಿಲಕ ಹಾಕುತ್ತೇನೆ. ಹೆಂಡತಿಗೆ ಪ್ರೋಟಾನ್‌ನಲ್ಲಿ ಇಷ್ಟವಾಗಿರುವುದು ಇದೊಂದೇ. ವಾಪಸ್ ಬರುವಷ್ಟರಲ್ಲಿ ಪಟ್ಟಿ ತುಂಬಿರುತ್ತದೆ, ಎಡಮೂಲೆಯಲ್ಲಿ ಮ್ಯಾಂಗೋಹಡ್ ಅನ್ನುವ ತಂತ್ರಾಂಶ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ ತೋರಿಸುತ್ತಿರುತ್ತದೆ. 60 ಬಂದರೆ ಖುಷಿ, 45 ಬಂದರೂ ನನಗೆ ತಕರಾರಿಲ್ಲ.

ಆದರೆ ನಾನು ಲಿನಕ್ಸ್‌ಗೆ ಅಂಟಿಕೊಂಡಿದ್ದು ಪ್ರೋಟಾನ್‌ನಿಂದಲ್ಲ, ಕಾರ್ಖಾನೆ ಕಟ್ಟುವ ಆಟ ಫ್ಯಾಕ್ಟೋರಿಯೋದಿಂದ. ಇದನ್ನು ಮಾಡಿದ ಚೆಕ್ ಕಂಪನಿ ವೂಬ್ ಲಿನಕ್ಸ್‌ಗೆ ಅಂತಲೇ ಆಟವನ್ನು ಕೊಡುತ್ತದೆ, ಪ್ರೋಟಾನ್ ಬೇಕಿಲ್ಲ. ಕಾರ್ಖಾನೆ ದೊಡ್ಡದಾದಂತೆ ಆಟೋಸೇವ್ ಆಗುವಾಗ ಆಟ ನಿಲ್ಲುವ ಹೊತ್ತೂ ಜಾಸ್ತಿಯಾಗುತ್ತದೆ. ವಿಂಡೋಸ್‌ನಲ್ಲಿ ಅದನ್ನು ಸಹಿಸಿಕೊಳ್ಳಬೇಕು. ಇಲ್ಲಿ ಕಂಟ್ರೋಲ್, ಆಲ್ಟ್ ಒತ್ತಿಹಿಡಿದು ಸೆಟ್ಟಿಂಗ್ಸ್ ಕ್ಲಿಕ್ ಮಾಡಿದರೆ ಅಡಗಿಸಿಟ್ಟ ಇನ್ನೊಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ನಾನ್-ಬ್ಲಾಕಿಂಗ್ ಸೇವಿಂಗ್ ಅಂತ ಒಂದು ಆಯ್ಕೆ. ಅದನ್ನು ಆನ್ ಮಾಡಿದರೆ ಆಟ ತನ್ನದೇ ಒಂದು ನಕಲನ್ನು ಹುಟ್ಟಿಸುತ್ತದೆ. ನಕಲು ಕೂತು ಡಿಸ್ಕ್‌ಗೆ ಬರೆಯುತ್ತದೆ, ನಾವು ಆಡುತ್ತಲೇ ಇರಬಹುದು. ಫೋರ್ಕ್ ಅನ್ನುವ ಹಳೇ ಯುನಿಕ್ಸ್ ಸೌಲಭ್ಯ ಇದು. ಮ್ಯಾಕ್‌ನಲ್ಲೂ ಇದೆ, ವಿಂಡೋಸ್‌ನಲ್ಲಿಲ್ಲ. ರ‍್ಯಾಮ್ ಜಾಸ್ತಿ ತಿನ್ನುತ್ತದೆ, ನನ್ನ 16 ಜಿಬಿಗೆ ಇನ್ನೂ ಉಸಿರು ಕಟ್ಟಿಲ್ಲ. ನಮ್ಮ ಕಡೆ ಕರೆಂಟನ್ನು ನಂಬುವ ಹಾಗಿಲ್ಲ, ಯುಪಿಎಸ್ ಬ್ಯಾಟರಿಯೂ ಹಳೆಯದು. ಎರಡೆರಡು ನಿಮಿಷಕ್ಕೆ ಸೇವ್ ಇಟ್ಟುಕೊಂಡರೂ ಆಟ ಒಮ್ಮೆಯೂ ನಿಲ್ಲುವುದಿಲ್ಲ. ಈ ಸುಖಕ್ಕೆ ನಾನು ಐದಕ್ಕೆ ಐದು ನಕ್ಷತ್ರ ಕೊಡುತ್ತೇನೆ.

ಇಷ್ಟು ಶ್ರಮ ಲಿನಕ್ಸ್‌ಗೆ ಯಾಕೆ ಅಂತ ಬೇರೆ ಡೆವಲಪರ್‌ಗಳು ಕೇಳುವುದುಂಟು. ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಅನ್ನುವ ಆಟ ಮಾಡಿದವರು 2021ರಲ್ಲಿ ಲೆಕ್ಕ ಬಿಚ್ಚಿಟ್ಟರು. ಮಾರಾಟದಲ್ಲಿ ಲಿನಕ್ಸ್‌ನವರ ಪಾಲು 5.8 ಶೇಕಡಾ, ಬಂದ ದೂರುಗಳಲ್ಲಿ 38 ಶೇಕಡಾ. ನೋಡಿದ ಕೂಡಲೇ 'ಈ ಜನರ ಸಹವಾಸ ಬೇಡ' ಅನ್ನಿಸುತ್ತದೆ ಅಲ್ವಾ? ಆದರೆ ಆ ಸುಮಾರು 400 ದೂರುಗಳಲ್ಲಿ ಲಿನಕ್ಸ್‌ಗೆ ಮಾತ್ರ ಸಂಬಂಧಿಸಿದ್ದು ಮೂರೇ ಮೂರು. ಉಳಿದವು ಎಲ್ಲರಿಗೂ ಕಾಡುತ್ತಿದ್ದ ತಪ್ಪುಗಳು. ಲಿನಕ್ಸ್‌ನವರು ಲಾಗ್ ಸಮೇತ ಬರೆದು ಕಳಿಸಿದ್ದರು, ಅಷ್ಟೇ.

ಹಾಗಂತ ಲಿನಕ್ಸ್ ಪೋರ್ಟ್ (ಲಿನಕ್ಸ್‌ಗೆ ಅಂತಲೇ ಮಾಡಿದ ಆವೃತ್ತಿ) ಇದೆ ಅಂದಕೂಡಲೇ ನಾನು ಕುಣಿಯುವುದಿಲ್ಲ. ನನ್ನ ಲೈಬ್ರರಿಯಲ್ಲಿ ಹಳೇ ಪೋರ್ಟ್‌ಗಳಿವೆ, ಬಿಟ್ಟವರು ಆಮೇಲೆ ತಿರುಗಿ ನೋಡಿಲ್ಲ. ಒಂದರಲ್ಲಿ ಶಬ್ದ ಬರುವುದಿಲ್ಲ, ಇನ್ನೊಂದು ಕಂಟ್ರೋಲರ್ ಗುರುತಿಸುವುದಿಲ್ಲ. ಅವಕ್ಕೆಲ್ಲ ಸ್ಟೀಮ್‌ನ ಕಂಪ್ಯಾಟಿಬಿಲಿಟಿ ಸೆಟ್ಟಿಂಗ್‌ಗೆ ಹೋಗಿ ಬಲವಂತವಾಗಿ ಪ್ರೋಟಾನ್ ಹಾಕಿ, ವಿಂಡೋಸ್ ಆವೃತ್ತಿಯನ್ನೇ ಓಡಿಸುತ್ತೇನೆ. ಅದೇ ಚೆನ್ನಾಗಿ ಓಡುತ್ತದೆ. ನನಗೆ ಪೋರ್ಟ್ ಮಾಡಿಕೊಡಿ ಅನ್ನುವ ಆಸೆಯೂ ಹೋಗಿದೆ. ಓಡುತ್ತಿರುವುದನ್ನು ಕೆಡಿಸದಿದ್ದರೆ ಸಾಕು.

ಆದರೆ ಕೆಡಿಸುತ್ತಾರೆ. ಭಾನುವಾರ ರಾತ್ರಿ ಚಿಕ್ಕಪ್ಪನ ಮಕ್ಕಳು, ನಾನು ಸೇರಿ ಒಂದು ಆನ್‌ಲೈನ್ ಶೂಟರ್ ಆಡುತ್ತಿದ್ದೆವು. ಹೆಸರು ಬೇಡ. ಪ್ರೋಟಾನ್‌ನಲ್ಲಿ ಒಂದು ತೊಂದರೆಯೂ ಇರಲಿಲ್ಲ. ಒಂದು ವಾರ ಅಪ್‌ಡೇಟ್ ಬಂತು. ಲಾಬಿ ಕಾಣುವ ಮೊದಲೇ ಆಂಟಿ-ಚೀಟ್, ಅಂದರೆ ಆಟದಲ್ಲಿ ಮೋಸ ಹಿಡಿಯುವ ತಂತ್ರಾಂಶ, ನನ್ನನ್ನು ಹೊರಗೆ ಹಾಕಿತು. ಅತ್ತ ಫೋನಿನಲ್ಲಿ 'ಅಣ್ಣ, ಬೇಗ ಬಾ, ಮ್ಯಾಚ್ ಶುರು ಮಾಡ್ತಿದ್ದಾರೆ' ಅಂತ ಹುಡುಗರ ಕೂಗು. ಸಪೋರ್ಟ್‌ಗೆ ಬರೆದೆ. ವಿಂಡೋಸ್‌ನಲ್ಲಿ ಆಡಿ ನೋಡಿ ಅಂತ ಉತ್ತರ ಬಂತು. ಆಟದೊಳಗಿನ ವೇಷಭೂಷಣಕ್ಕೆ, ಅಂದರೆ ಸ್ಕಿನ್‌ಗಳಿಗೆ, ಹಾಕಿದ್ದ ದುಡ್ಡಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಸಿಟ್ಟು ಬಂದಿದ್ದು ಆಟ ಹೋಯಿತು ಅಂತಲ್ಲ. ಇದು ಆಗದ ಕೆಲಸವಲ್ಲ ಅನ್ನುವುದಕ್ಕೆ. ಹೆಸರುವಾಸಿ ಆಂಟಿ-ಚೀಟ್‌ಗಳಾದ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ ಪ್ರೋಟಾನ್‌ನಲ್ಲಿ ನಡೆಯುತ್ತವೆ ಅಂತ 2021ರ ಸೆಪ್ಟೆಂಬರ್‌ನಲ್ಲೇ ಹೇಳಿಯಾಗಿದೆ. ಆದರೆ ಪ್ರತಿ ಆಟದವರೂ ತಾವೇ ಒಪ್ಪಿ ಆನ್ ಮಾಡಬೇಕು. ದಿ ಫೈನಲ್ಸ್ ಆಡೋಕಾಗುತ್ತದೆ, ಹೇಲೋ ಮಾಸ್ಟರ್ ಚೀಫ್ ಕಲೆಕ್ಷನ್ ಕೂಡ. ಎಪೆಕ್ಸ್ ಲೆಜೆಂಡ್ಸ್ ಕೊಟ್ಟ ಅವಕಾಶವನ್ನು 2024ರ ಅಕ್ಟೋಬರ್ 31ರಂದು ವಾಪಸ್ ತಗೊಂಡಿತು. ತಮಾಷೆ ಏನಂದರೆ, ಈಸಿ ಆಂಟಿ-ಚೀಟ್ ಎಪಿಕ್ ಕಂಪನಿಯದ್ದೇ ಸ್ವತ್ತು. ಅದೇ ಎಪಿಕ್‌ನ ಫೋರ್ಟ್‌ನೈಟ್ ಲಿನಕ್ಸ್‌ನಲ್ಲಿ ಇಲ್ಲ! ಆಂಟಿ-ಚೀಟ್ ಇರುವ ಯಾವ ಆಟ ಲಿನಕ್ಸ್‌ನಲ್ಲಿ ನಡೆಯುತ್ತದೆ ಅಂತ ಪಟ್ಟಿ ಮಾಡುವ ಆರ್ ವಿ ಆಂಟಿ-ಚೀಟ್ ಯೆಟ್ ಅನ್ನುವ ತಾಣದಲ್ಲಿ ಕೆಟ್ಟಿರುವ ಆಟಗಳಿಗೆ ಒಂದು ಗುಂಪು, ಕಂಪನಿಯೇ ಆಗಲ್ಲ ಅಂದ ಆಟಗಳಿಗೆ ಬೇರೆಯೇ ಗುಂಪು. ಮೊದಲ ಗುಂಪಿಗೆ ಒಂದಲ್ಲ ಒಂದು ದಿನ ಯಾರೋ ಪುಣ್ಯಾತ್ಮರು ದಾರಿ ಹುಡುಕಬಹುದು. ಎರಡನೆಯದಕ್ಕೆ ಪ್ರೋಟಾನ್ ಏನು ಮಾಡೀತು?

ಆಗಲ್ಲ ಅನ್ನುವ ಕಂಪನಿಗಳ ಮಾತಿನಲ್ಲೂ ಹುರುಳಿಲ್ಲ ಅಂತಲ್ಲ. ಲಿನಕ್ಸ್‌ನಲ್ಲಿ ಕರ್ನಲ್ ನಮ್ಮ ಕೈಯಲ್ಲಿದೆ, ಬೇಕಾದ ಹಾಗೆ ಬದಲಿಸಿ ಕಟ್ಟಿಕೊಳ್ಳಬಹುದು. ಕರ್ನಲ್ ಒಳಗೆ ಕೂತು ಕಾವಲು ಕಾಯುವ ಆಂಟಿ-ಚೀಟ್‌ಗೆ ಅಂಥ ಮನೆ ನಂಬಿಕೆಗೆ ಅರ್ಹವಲ್ಲ. ಒಪ್ಪಿದೆ. ಆದರೆ ಆಟ ಆಡೋಕೆ ಅಂತ ಯಾವುದೋ ಕಂಪನಿಯನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದು ನನಗಂತೂ ಇಷ್ಟವಿಲ್ಲ. ಇದೇ ಕಂಪ್ಯೂಟರ್‌ನಲ್ಲಿ ನನ್ನ ಬ್ಯಾಂಕ್ ಕೆಲಸವೂ ನಡೆಯುತ್ತದೆ.

ಈಗ ಆಟ ಕೊಳ್ಳುವ ಮೊದಲು, ಯಾವ ಆಟ ಪ್ರೋಟಾನ್‌ನಲ್ಲಿ ಹೇಗೆ ಓಡುತ್ತದೆ ಅಂತ ಆಡಿದವರೇ ಬರೆಯುವ ಪ್ರೋಟಾನ್‌ಡಿಬಿ ತಾಣದಲ್ಲಿ ಇತ್ತೀಚಿನ ಅನುಭವಗಳನ್ನು ಓದುತ್ತೇನೆ. ಗೋಲ್ಡ್, ಪ್ಲಾಟಿನಂ ಅನ್ನುವ ಬಿರುದಿಗಿಂತ ನನ್ನಂಥದೇ ಕಾರ್ಡ್ ಇರುವವರು ಏನು ಬರೆದಿದ್ದಾರೆ ಅನ್ನುವುದು ಮುಖ್ಯ. ಆನ್‌ಲೈನ್ ಆಟವಾದರೆ ಆಂಟಿ-ಚೀಟ್ ಪಟ್ಟಿಯನ್ನೂ ನೋಡುತ್ತೇನೆ. ಒಬ್ಬರೇ ಕೂತು ಆಡುವವರಿಗೆ, ಹಳೇ ಕಂಪ್ಯೂಟರ್ ಇರುವವರಿಗೆ ಕಣ್ಣುಮುಚ್ಚಿ ಹಾಕಿಕೊಳ್ಳಿ ಅನ್ನುತ್ತೇನೆ. ಲಿನಕ್ಸ್‌ನಲ್ಲಿ ನಡೆಯದ ಆನ್‌ಲೈನ್ ಶೂಟರ್ ವ್ಯಾಲರಂಟ್ ಬಿಟ್ಟರೆ ಬೇರೆ ಆಡದ ಹುಡುಗರು ಈ ಕಡೆ ಬರುವುದೇ ಬೇಡ.

ನಮ್ಮ ಭಾನುವಾರಕ್ಕೆ ಚಿಕ್ಕಪ್ಪನ ದೊಡ್ಡ ಮಗ ಡೀಪ್ ರಾಕ್ ಗ್ಯಾಲಾಕ್ಟಿಕ್ ಹುಡುಕಿದ್ದಾನೆ. ನಾಲ್ಕು ಜನ ಸೇರಿ ಗಣಿ ಅಗೆಯುವ ಆಟ, ನನ್ನಲ್ಲೂ ಆರಾಮಾಗಿ ಓಡುತ್ತದೆ. ನಾವಿಬ್ಬರು ತಗೊಂಡಾಯಿತು, ಉಳಿದ ಇಬ್ಬರು ಸೇಲ್‌ಗೆ ಕಾಯುತ್ತಿದ್ದಾರೆ.