ಗಾಮದೇವಿಯ ಮಣಿ ಭವನ: ಕಾಲೇಜಿಗೆ ಹೋಗೂ ಮಕ್ಕಳನ್ನ ಕರ್ಕೊಂಡ ಹೋಗ್ರಿ

ಮಣಿ ಭವನ ಅಂದ್ರ ಮುಂಬೈದಾಗ ಗಾಂಧೀಜಿ ಇರ್ತಿದ್ದ ಮನಿ, ಈಗ ಮ್ಯೂಸಿಯಂ ಐತಿ. ಗ್ರಾಂಟ್ ರೋಡ್ ಸ್ಟೇಷನ್‌ನಾಗ ಇಳ್ದು ವೆಸ್ಟ್ ಕಡೆ ಬಂದ್ರ ನಡ್ಕೊಂಡ ಹೋಗಬಹುದು, ಲಬರ್ನಮ್ ರೋಡ್. ಮ್ಯಾಲೆ ಹೋಗಾಕ ಮೆಟ್ಟಲ ಹತ್ತಬೇಕು, ಮೊಣಕಾಲ ನೋವಿದ್ದವರು ಸಾವಕಾಶ ಹತ್ರಿ.

ಡೊಂಬಿವಲಿಯಿಂದ ಹೊಂಟು ದಾದರದಾಗ ಗಾಡಿ ಬದಲ ಮಾಡೂ ತನಕ ಮಗಂದು ಒಂದ ವಾದ, ಅವ್ವಾ ಉಪವಾಸ ಕುಂತ್ರ ಯಾರ ಕೇಳ್ತಾರ, ನಾಕ ಬಸ್ ಸುಟ್ರನ ಸರ್ಕಾರ ಕಣ್ಣ ತೆಗೀತೈತಿ ಅಂತ.

ಎರಡನೇ ಮಹಡ್ಯಾಗ ಗಾಂಧೀಜಿ ಇರ್ತಿದ್ದ ಖೋಲಿ ಐತಿ, ಗಾಜಿನ ಆಚೆ ನೆಲದ ಮ್ಯಾಲೆ ಬಿಳಿ ಹಾಸಿಗಿ, ಚರಕ. ಅದರ ಮುಂದ ನಿಂತು ಮಗನಿಗೆ 1921ರ ಕತಿ ಹೇಳ್ದೆ. ನವೆಂಬರ್ 17ಕ್ಕ ಇಂಗ್ಲೆಂಡಿನ ಯುವರಾಜ ಮುಂಬೈಗೆ ಬಂದಾಗ ಬಹಿಷ್ಕಾರ ಅಂತ ಶುರುವಾಗಿದ್ದು ದಂಗೆ ಆಗಿ, ಸ್ವಾಗತಕ್ಕ ಹೋದವರನ್ನ ನಮ್ಮ ಮಂದೀನ ಬಡದ್ರು, 50ಕ್ಕೂ ಹೆಚ್ಚು ಜನ ಸತ್ರು. ಗಾಂಧೀಜಿ 19ಕ್ಕ ಇದೇ ಮನ್ಯಾಗ ಉಪವಾಸ ಕುಂತ್ರು, ಬ್ರಿಟಿಷರ ಮ್ಯಾಲೆ ಸಿಟ್ಟಾಗಿ ಅಲ್ಲ, ತಮ್ಮ ಹೆಸರ ಕೂಗ್ತಿದ್ದ ಮಂದಿ ಕೈ ತಡ್ಯಾಕ, ಊರು ತಣ್ಣಗಾದ ಮ್ಯಾಲೆನ ಬಿಟ್ರು. ಮಗ ಸುಮ್ಮನ ನಿಂತಿದ್ದ.

ಹಿಟ್ಲರ್‌ಗೆ 1939ರ ಜುಲೈದಾಗ ಬರದ ಪತ್ರಾನೂ ಐತಿ. ಇದ್ರಿಂದ ಏನಾತು ಅಂದ. ಏನೂ ಆಗ್ಲಿಲ್ಲಪ್ಪಾ, ಅದು ಅವನ ಕೈ ಮುಟ್ಟಲೂ ಇಲ್ಲ, ಸೆಪ್ಟೆಂಬರ್‌ದಾಗ ಯುದ್ಧ ಹತ್ತೇ ಬಿಡ್ತು ಅಂದೆ. ಸುಳ್ಳು ಹೇಳಿ ಒಪ್ಪಸೂದು ನನಗ ಬ್ಯಾಡ.

ನಾವು ಹಾವೇರಿ ಕಡೆಯವರು, ನನಗ ಅಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವ ಭಾಳ ನೆನಪಾದ. 1930ರಾಗ ಗಾಂಧೀಜಿ ಜೋಡಿ ದಾಂಡಿಗೆ ನಡದಾಂವ, 1943ರ ಏಪ್ರಿಲ್ 1ಕ್ಕ ಹೊಸರಿತ್ತ್ಯಾಗ ಕಂದಾಯದ ರೊಕ್ಕ ಇಟ್ಟಲ್ಲಿ ದಾಳಿ ಮಾಡಾಕ ಹೋಗಿ ಪೊಲೀಸರ ಗುಂಡಿಗೆ ಸತ್ತ, ಎರಡೂ ದಾರಿ ಒಬ್ಬನ ನೋಡ್ಯಾನ. ಅವನಿಗೆ ಕೈ ಮುಗಿತೀನಿ, ಆದ್ರ ನನ್ನ ಮನಸ್ಸು ದಾಂಡಿ ಕಡೇನ. ಯಾಕಂದ್ರ ಉಪ್ಪು ಕುದಸಾಕ ಮುದುಕಿನೂ ಬರ್ತಾಳ, ಬಗಲಾಗ ಕೂಸು ಇದ್ದಾಕಿನೂ ಬರ್ತಾಳ, ಅಂಕೋಲಾದಾಗ ಊರಿಗೆ ಊರ ಬಂತು, ಅಷ್ಟ ಮಂದಿನ ಜೈಲಿಗೆ ಹಾಕಿ ಹಾಕಿ ಸರ್ಕಾರನ ದಣೀತೈತಿ. ದಾಳಿಗೆ ಹೋಗಾವ್ರು ಕೆಲವ ಹುಡುಗ್ರು, ಅವರನ್ನ ಮುಗಸಾಕ ಒಂದ ಬೆಳಗು ಸಾಕು.

ಕಡೀಗೆ ಗಚ್ಚಿಗೆ ಹೋದ್ವಿ, 1932ರ ಜನವರಿ 4ಕ್ಕ ಬೆಳಕ ಹರಿಯೂ ಮೊದಲ ಗಾಂಧೀಜಿನ ಹಿಡ್ಕೊಂಡ ಹೋಗಿದ್ದು ಅಲ್ಲಿಂದನ. ಕೆಳಗಿನ ಲೈಬ್ರರಿಗೂ ಟೈಮ್ ಇಟ್ಕೊಳ್ರಿ, ನಮಗ ಸಾಲಲಿಲ್ಲ.

ಮಗ ಪೂರ್ತಿ ಒಪ್ಪಿಲ್ಲ, ಡೊಂಬಿವಲಿ ಬರೂ ತನಕ ವಾದ ನಡದಿತ್ತು. ಆದ್ರ ಈ ಸಲ ಊರಿಗೆ ಹೋದಾಗ ಹೊಸರಿತ್ತಿಗೆ ಕರ್ಕೊಂಡ ಹೋಗು ಅಂದಾನ.