ಮದುವೆಗೆ ಲಿಮೋಸಿನ್ ಬುಕ್ ಮಾಡೋರು ಮೊದಲು ನಂಬರ್ ಪ್ಲೇಟ್ ಬಣ್ಣ ನೋಡಿ

ಚಿಕ್ಕಮಗಳೂರು, ಹಾಸನ ಕಡೆ ಮದುವೆ ಇಟ್ಟುಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಬೆಂಗಳೂರಿಂದ ಆ ಉದ್ದನೆಯ ಸ್ಟ್ರೆಚ್ ಲಿಮೋಸಿನ್ ತರಿಸಿ ಹುಡುಗೀನ ಕೂರಿಸಿ ದಿಬ್ಬಣ ಹೊರಡಿಸೋ ಯೋಚನೆ ಇದ್ದರೆ ಅಡ್ವಾನ್ಸ್ ಹಾಕೋ ಮುಂಚೆನೇ ಓದಿ. ನನ್ನ ತಂಗಿ ಮದುವೆ ದಿನ ನಮಗಾದದ್ದು ಇನ್ನೊಂದು ಮನೆಗೆ ಆಗಬಾರದು.

ನಮ್ಮ ಮನೆ ಆಲ್ದೂರು ಕಡೆ, ತೋಟದೊಳಗೆ. ಛತ್ರ ಚಿಕ್ಕಮಗಳೂರಲ್ಲಿ. ಏಜೆಂಟ್‌ಗೆ ಲೊಕೇಶನ್ ಕಳಿಸಿದ್ದೆ, ತೋಟದ ತಿರುವಿನ ವಿಡಿಯೋ ಸಹ ಕಳಿಸಿದ್ದೆ. "ಏನೂ ಪ್ರಾಬ್ಲಂ ಇಲ್ಲ ಸರ್, ನಮ್ಮ ಡ್ರೈವರ್ ಮಡಿಕೇರಿಗೆಲ್ಲ ಹೋಗಿ ಬಂದಿದ್ದಾನೆ" ಅಂದ. ಬಾಡಿಗೆಗೆ ಓಡಿಸೋ ಪರ್ಮಿಟ್ ಇದೆಯಾ ಅಂತ ಬಾಯಿ ಬಿಟ್ಟು ಕೇಳಿದ್ದೆ. "ಎಲ್ಲಾ ಪೇಪರ್ ಕ್ಲಿಯರ್ ಸರ್, ವಿಐಪಿ ಮದುವೆಗೆ ಹೋಗೋ ಗಾಡಿ ಇದು." ಅವನು ಕಳಿಸಿದ ಫೋಟೊಗಳಲ್ಲೆಲ್ಲ ನಂಬರ್ ಪ್ಲೇಟ್ ಮೇಲೆ ಒಂದೋ ಹೂವಿನ ಹಾರ, ಇಲ್ಲಾ ಕಂಪನಿ ಸ್ಟಿಕ್ಕರ್. ಯಾಕೆ ಅಂತ ಮದುವೆ ದಿನ ಬೆಳಿಗ್ಗೆ ಗೊತ್ತಾಯ್ತು. ಬಂದು ನಿಂತದ್ದು ವೈಟ್ ಬೋರ್ಡ್ ಗಾಡಿ, ಅಂದ್ರೆ ಸ್ವಂತ ಬಳಕೆಯದ್ದು, ಅದೂ ಹೊರ ರಾಜ್ಯದ ನಂಬರ್. ಡ್ರೈವರ್‌ನ ಕೇಳಿದರೆ "ನಂಗೊತ್ತಿಲ್ಲ, ಓನರ್ ಕೇಳಿ".

ತೋಟದ ತಿರುವಿಗೆ ಅದು ಇಳಿಯಲೇ ಇಲ್ಲ. ಇನ್ನೋವಾ ಕ್ರಿಸ್ಟಾ ಹದಿನೈದೂವರೆ ಅಡಿ ಇರಬಹುದು, ಇದು 28 ಅಡಿ ಅಂತ ಏಜೆಂಟೇ ಕೊಚ್ಚಿಕೊಂಡಿದ್ದ. ಸೀರೆ ಎತ್ತಿ ಹಿಡಿದುಕೊಂಡು ತಂಗಿ ಮೇನ್ ರೋಡ್ ತನಕ ನಡೆದಳು. ಅದನ್ನೂ ಸಹಿಸಿಕೊಂಡ್ವಿ. ಮುಂದೆ ಊರು ಸಿಕ್ಕಿದ ಕಡೆ ಹಂಪ್. ರಸ್ತೆಗಳ ಮಾನದಂಡ ಮಾಡೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಕಡೆ ಹಂಪ್ ಹೇಗಿರುತ್ತೆ ನಿಮಗೇ ಗೊತ್ತು. ಮುಂದಿನ ಚಕ್ರ ದಾಟಿತು, ಹಿಂದಿನದು ಇನ್ನೂ ದೂರ ಇತ್ತು, ನಡು ಹೊಟ್ಟೆ ಹಂಪ್ ಮೇಲೆ ಕೂತುಬಿಡ್ತು. ಒಳಗಿದ್ದ ಹೆಂಗಸರನ್ನೆಲ್ಲ ಇಳಿಸಿ, ಗಂಡಸರು ಎತ್ತಿ ತಳ್ಳಿದ್ವಿ. ಹಿಂದೆ ಬಸ್ಸು, ಪಿಕಪ್ಪು, ಹಾರ್ನ್ ಮೇಲೆ ಹಾರ್ನ್, ಸುತ್ತಲೂ ಮೊಬೈಲ್ ಹಿಡಿದು ವಿಡಿಯೋ ಮಾಡೋರು. ಅಪ್ಪ ಒಂದು ಮಾತೂ ಆಡಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಇದನ್ನ ಬರೀತಾನೇ ಇರಲಿಲ್ಲ. ಪೇಟೆ ಹತ್ತಿರ ಆರ್‌ಟಿಓ ಚೆಕಿಂಗ್. ಬಾಡಿಗೆ ಗಾಡಿನಾ, ಸ್ವಂತದ್ದಾ ಅಂತ ಕೇಳಿದರು. ಡ್ರೈವರ್ ಏಜೆಂಟ್‌ಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಅವನು ಹೇಳಿದ್ದು ಕೇಳಿ: "ಫ್ರೆಂಡ್ ಗಾಡಿ ಅಂತ ಹೇಳಿ ಸರ್. ದುಡ್ಡು ಕೊಟ್ಟಿದ್ದು ಹೇಳಬೇಡಿ. ನಿಮ್ಮ ತಂಗಿ ಕೈಲೂ ಹಾಗೇ ಹೇಳಿಸಿ, ಮದುವೆ ಹುಡುಗಿ ಹೇಳಿದ್ರೆ ಬಿಟ್ಟುಬಿಡ್ತಾರೆ."

ಮದುವೆ ಹುಡುಗಿ ಕೈಲಿ ಸುಳ್ಳು ಹೇಳಿಸಿ ಅಂತಾನೆ! ಧಾರೆಗೆ ಹೊರಟ ಹುಡುಗಿ ಕೈಲಿ! ನಮ್ಮ ದುಡ್ಡು ಎಣಿಸಿಕೊಂಡು, ಇವನ ಕಳ್ಳ ದಂಧೆ ಉಳಿಸೋಕೆ ನಾವು ಸುಳ್ಳು ಹೇಳಬೇಕಂತೆ. ಮೈಯೆಲ್ಲ ಉರಿದುಹೋಯ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ, ಬಾಡಿಗೆ ಅಂತ. ಗಾಡಿ ಅಲ್ಲೇ ಸೀಜ್. ಮಾವನ ಜೀಪಲ್ಲಿ ತಂಗೀನ ಕೂರಿಸಿಕೊಂಡು ಹೇಗೋ ಮುಹೂರ್ತಕ್ಕೆ ಛತ್ರ ಮುಟ್ಟಿದ್ವಿ.

ಆಮೇಲೆ ಶುರುವಾಯ್ತು ಅವನ ಮೆಸೇಜುಗಳು. "ನೀವು ಬಾಡಿಗೆ ಅಂದಿದ್ದಕ್ಕೇ ಸೀಜ್ ಆಗಿದ್ದು, ದಂಡ ನೀವೇ ಕಟ್ಟಬೇಕು." ಅಡ್ವಾನ್ಸ್ ವಾಪಸ್ ಕೇಳಿದೆ. "ನಾವು ಗಾಡಿ ಬಾಡಿಗೆಗೆ ಕೊಟ್ಟೇ ಇಲ್ಲವಲ್ಲ ಸರ್, ರಸೀದಿ ನೋಡಿ." ರಸೀದಿ ತೆಗೆದು ನೋಡಿದೆ. "ಡೆಕೊರೇಷನ್ ಅಂಡ್ ಇವೆಂಟ್ ಚಾರ್ಜ್" ಅಂತಿದೆ. ಗಾಡಿ ಅನ್ನೋ ಪದವೇ ಇಲ್ಲ, ನಂಬರ್ ಇಲ್ಲ. ದುಡ್ಡು ಹೋಗಿರೋದು ಯಾರದೋ ಪರ್ಸನಲ್ ನಂಬರಿಗೆ. ಮೊದಲ ದಿನದಿಂದಲೇ ಎಲ್ಲ ಲೆಕ್ಕ ಹಾಕಿ ಇಟ್ಟಿದ್ದ.

ಕಾನೂನು ಏನು ಹೇಳುತ್ತೆ ಅಂದ್ರೆ, ಬಾಡಿಗೆಗೆ ಓಡೋ ಗಾಡಿಗೆ ಹಳದಿ ಬೋರ್ಡ್, ಪರ್ಮಿಟ್ ಎರಡೂ ಬೇಕು. ಪರ್ಮಿಟ್ ಬೇಕು ಅನ್ನೋದು 1988ರ ಮೋಟಾರು ವಾಹನ ಕಾಯ್ದೆ 66ನೇ ಸೆಕ್ಷನ್. ಪರ್ಮಿಟ್ ಇಲ್ಲದೆ ಓಡಿಸಿದರೆ 192ಎ ಪ್ರಕಾರ 10,000 ರೂಪಾಯಿ ದಂಡ, ಜೈಲೂ ಆಗಬಹುದು. 207ರಲ್ಲಿ ಗಾಡಿ ಹಿಡಿದು ಇಟ್ಟುಕೊಳ್ಳಬಹುದು. ದಂಡ ಓಡಿಸೋರಿಗೆ, ಓಡಿಸೋಕೆ ಬಿಟ್ಟವರಿಗೆ. ಕೂತವರಿಗಲ್ಲ! ಇನ್ನೊಂದು, ಇಂಥ ಎಷ್ಟೋ ಗಾಡಿ ಮಾಮೂಲಿ ಕಾರನ್ನ ನಡುವೆ ಕತ್ತರಿಸಿ, ತುಂಡು ಸೇರಿಸಿ ಬೆಸುಗೆ ಹಾಕಿರೋದು. ಕಂಪನಿ ಕೊಟ್ಟ ಮೂಲ ವಿನ್ಯಾಸ ಹಾಗೆ ಬದಲಾಯಿಸೋ ಹಾಗಿಲ್ಲ ಅಂತ 52ನೇ ಸೆಕ್ಷನ್ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಅದನ್ನೇ ಹೇಳಿದೆ. ಖಾಸಗಿ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಾಡಿಗೆ ಬಳಕೆ ಸೇರಿರೋದಿಲ್ಲ. ಆ ತಿರುವುಗಳಲ್ಲಿ ಏನಾದರೂ ಆಗಿದ್ದರೆ ಅಷ್ಟೂ ಜನಕ್ಕೆ ಯಾರು ಹೊಣೆ? ನೆನೆಸಿಕೊಂಡರೆ ಈಗಲೂ ನಡುಕ ಬರುತ್ತೆ.

ಅಡ್ವಾನ್ಸ್ ಮುಂಚೆ ಗಾಡಿ ನಂಬರ್ ಕೇಳಿ, ಸರ್ಕಾರದ ಎಂಪರಿವಾಹನ್ ಆ್ಯಪಲ್ಲಿ ಹಾಕಿ ಯಾವ ಥರದ ಗಾಡಿ ಅಂತ ನೋಡಿ. ಹಾರ ಹಾಕಿದ ಫೋಟೊ ಕಳಿಸಿದರೆ ಅಲ್ಲೇ ಫೋನ್ ಇಡಿ. ಆರ್‌ಸಿ, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕಾಪಿ ಕೊಡದವನಿಗೆ ಒಂದು ರೂಪಾಯಿ ಕೊಡಬೇಡಿ. ರಸೀದಿಯಲ್ಲಿ "ವಾಹನ ಬಾಡಿಗೆ" ಅಂತಲೇ ಇರಬೇಕು, ಗಾಡಿ ನಂಬರ್ ಸಮೇತ.

ಅವನ ಕೊನೆ ಮೆಸೇಜ್: "ಕೇಸ್ ಹಾಕೋದಾದ್ರೆ ಬೆಂಗಳೂರಿಗೆ ಬಂದು ಹಾಕಿ ಸರ್, ಓಡಾಡಿ ಸುಸ್ತಾಗ್ತೀರಾ." ಯಾಕೆ ಬೆಂಗಳೂರಿಗೆ ಹೋಗಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಸಹಾಯವಾಣಿ ನಂಬರ್ 1915. ನನ್ನ ದೂರು ಬರೆದು ರೆಡಿ ಇದೆ, ಅವನ ಮೆಸೇಜುಗಳ ಪ್ರಿಂಟ್ ಜೊತೆ ಚಿಕ್ಕಮಗಳೂರಲ್ಲೇ ಕೊಡ್ತೀನಿ. ಓಡಾಡೋದು ಇನ್ನು ಅವನ ಸರದಿ.